ಅದೃಶ್ಯ ಮನುಷ್ಯನ ಕಿರುಚಿತ್ರಕ್ಕೆ ಕಪ್ಪು ಬಟ್ಟೆಯೋ, ಹಸಿರು ಬಟ್ಟೆಯೋ?

1949ರ ಜಪಾನಿ ಚಿತ್ರ 'ಟೋಮೇಯಿ ನಿಂಗೆನ್ ಅರವಾರು'ನಲ್ಲಿರುವ ಹಾಗೆ ಮುಖದ ಬ್ಯಾಂಡೇಜ್ ಬಿಚ್ಚಿದರೆ ಒಳಗೆ ಏನೂ ಇಲ್ಲ ಅನ್ನುವ ದೃಶ್ಯ ತೆಗೆಯಬೇಕು, ನಟನ ತಲೆಗೆ ಕಪ್ಪು ಬಟ್ಟೆ ಹಾಕಲೋ ಹಸಿರು ಹಾಕಲೋ ಅಂತ ಕೇಳಿದ್ದೀರಿ. ನಾನೂ ಇದನ್ನೇ ಕಂಡಕಂಡವರ ಹತ್ತಿರ ಕೇಳಿಕೊಂಡು ಓಡಾಡಿದವನು. ಬಣ್ಣದ ಬಗ್ಗೆ ತಂಡದಲ್ಲಿ ಜಗಳವೇ ಆಗಿತ್ತು. ಕೊನೆಗೆ ನಮ್ಮನ್ನು ಮುಳುಗಿಸಿದ್ದು ಬಣ್ಣವಲ್ಲ, ಶರ್ಟಿನ ಕಾಲರ್.

ಹಸಿರು ಮುಸುಕು ಹಾಕಿದೆವು. ಅದರ ಮೇಲೆ ಬ್ಯಾಂಡೇಜ್, ಕೋಟು, ಬಾಡಿಗೆಗೆ ತಂದ ಹಳೇ ಕಾಲದ ದೊಡ್ಡ ಕಾಲರಿನ ಶರ್ಟು. ನಟ ನಿಧಾನವಾಗಿ ಬ್ಯಾಂಡೇಜ್ ಬಿಚ್ಚಿದ, ಎಲ್ಲರೂ ಚಪ್ಪಾಳೆ ಹೊಡೆದೆವು, ಸಾಮಾನು ಕಟ್ಟಿಕೊಂಡು ಹೊರಟೆವು. ಎಡಿಟಿಂಗ್‌ಗೆ ಕೂತು ಹಸಿರು ಅಳಿಸಿ, ಆ ಜಾಗಕ್ಕೆ ಖಾಲಿ ಕೋಣೆಯ ಚಿತ್ರ ಕೂರಿಸಿದಾಗ ತಲೆ ಹೋಯಿತು, ಸರಿ. ಆದರೆ ಕಾಲರಿನ ಜಾಗದಲ್ಲಿ ಹಿಂದಿನ ಗೋಡೆ ಕಾಣುತ್ತಿತ್ತು. ಯೋಚನೆ ಮಾಡಿ: ಕುತ್ತಿಗೆ ಇಲ್ಲದಿದ್ದರೆ ಅಲ್ಲಿ ಕಾಣಬೇಕಾದ್ದು ಗೋಡೆಯಲ್ಲ, ಕಾಲರಿನ ಹಿಂಭಾಗದ ಒಳಮೈ. ಲೇಬಲ್ ಹೊಲಿದಿರುತ್ತದಲ್ಲ, ಅದು. ಅದನ್ನು ನಟನ ಕುತ್ತಿಗೆಯೇ ಮುಚ್ಚಿತ್ತು, ಹಾಗಾಗಿ ಕ್ಯಾಮೆರಾ ಅದನ್ನು ನೋಡಿಯೇ ಇರಲಿಲ್ಲ. ನೋಡದೇ ಇದ್ದದ್ದನ್ನು ಯಾವ ಸಾಫ್ಟ್‌ವೇರ್ ತಂದುಕೊಡಬೇಕು? ನಮ್ಮ ನಾಯಕ ಅದೃಶ್ಯ ಆಗಿರಲಿಲ್ಲ, ಕತ್ತರಿಸಿ ಅಂಟಿಸಿದ ಪೋಸ್ಟರ್ ಥರ ಇದ್ದ.

ಪರಿಹಾರ ಸುಲಭ ಇತ್ತು, ಅದೇ ಹೊಟ್ಟೆ ಉರಿಸುವುದು. ಟ್ರೈಪಾಡ್ ಕದಲಿಸದೆ, ಲೈಟ್ ಬದಲಿಸದೆ, ಅದೇ ಶರ್ಟನ್ನು ಅದೇ ಎತ್ತರಕ್ಕೆ ತಂತಿಯಲ್ಲಿ ತೂಗುಹಾಕಿ ಖಾಲಿ ಕಾಲರನ್ನು ಒಂದು ನಿಮಿಷ ಶೂಟ್ ಮಾಡಿದ್ದರೆ ಮುಗಿಯುತ್ತಿತ್ತು. ಆ ತುಂಡನ್ನು ಕುತ್ತಿಗೆಯ ಜಾಗಕ್ಕೆ ಕೂರಿಸಬಹುದಿತ್ತು. ಖಾಲಿ ಕೋಣೆಯನ್ನು ತೆಗೆದಿದ್ದೆವು, ಅಷ್ಟು ಬುದ್ಧಿ ಇತ್ತು. ಖಾಲಿ ಶರ್ಟನ್ನು ತೆಗೆಯಬೇಕು ಅಂತ ಹೊಳೆಯಲಿಲ್ಲ. ಹೊಳೆಯುವ ಹೊತ್ತಿಗೆ ಶರ್ಟ್ ಅಂಗಡಿಗೆ ವಾಪಸ್ ಹೋಗಿ ಇನ್ಯಾರೋ ಒಯ್ದಿದ್ದರು. ಬೇರೆ ಶರ್ಟಿನ ಕಾಲರ್ ಹಾಕಿ ನೋಡಿದೆ, ಬಟ್ಟೆಯ ಬಿಳುಪೇ ಹೊಂದಲಿಲ್ಲ. ಗೋಡೆ ಮೇಲೆ ನಟನ ತಲೆಯ ನೆರಳು ಬೇರೆ ಉಳಿದಿತ್ತು, ತಲೆ ಇಲ್ಲದವನಿಗೆ ತಲೆಯ ನೆರಳು! ನೆರಳನ್ನು ಹೇಗೋ ಅಳಿಸಿದೆ. ಕಾಲರ್ ಆಗಲಿಲ್ಲ. ಇಡೀ ಕಥೆ ನಿಂತಿದ್ದ ದೃಶ್ಯವನ್ನೇ ಕಿತ್ತುಹಾಕಿದೆವು, ಸ್ಪರ್ಧೆಗೆ ಕಳಿಸುವ ಕೊನೇ ದಿನವೂ ತಪ್ಪಿಹೋಯಿತು.

ಇದು ಹೊಸ ತೊಂದರೆಯೇನಲ್ಲ. 1933ರ ಹಾಲಿವುಡ್ ಚಿತ್ರ 'ದಿ ಇನ್ವಿಸಿಬಲ್ ಮ್ಯಾನ್'ನಲ್ಲಿ ಎಫೆಕ್ಟ್ಸ್ ಮಾಡಿದ ಜಾನ್ ಫುಲ್ಟನ್ ನಟನನ್ನು ತಲೆಯಿಂದ ಕಾಲಿನವರೆಗೆ ಕಪ್ಪು ವೆಲ್ವೆಟ್‌ನಲ್ಲಿ ಮುಚ್ಚಿ, ಮೇಲೆ ಬಟ್ಟೆ ತೊಡಿಸಿ, ಕಪ್ಪು ವೆಲ್ವೆಟ್ ಹೊದಿಸಿದ ಸೆಟ್ಟಿನ ಮುಂದೆ ನಿಲ್ಲಿಸಿ ಶೂಟ್ ಮಾಡಿದರು. ಅದರಿಂದ ಮ್ಯಾಟ್ (ಫ್ರೇಮಿನ ಒಂದು ಭಾಗವನ್ನು ಮುಚ್ಚಿಡುವ ಅಚ್ಚು) ಮಾಡಿ, ಬೇರೆಯಾಗಿ ತೆಗೆದ ಕೋಣೆಯ ಚಿತ್ರದ ಜೊತೆ ಒಂದೇ ಫಿಲ್ಮಿಗೆ ಪ್ರಿಂಟ್ ಹಾಕಿದರು. ಅಷ್ಟೆಲ್ಲ ಮಾಡಿದ ಮೇಲೂ ಕಣ್ಣಿನ ತೂತು, ಅಂಚುಗಳು ಅಂತ ಸಾವಿರಾರು ಫ್ರೇಮ್‌ಗಳನ್ನು ಕೈಯಲ್ಲಿ ತಿದ್ದಬೇಕಾಯಿತು. ಅಂದರೆ ಕಪ್ಪು, ಹಸಿರು ಎರಡೂ ಒಂದೇ ಉಪಾಯ. ನಿಮ್ಮ ಪ್ರಶ್ನೆಯೇ ಸ್ವಲ್ಪ ತಪ್ಪು, ಬೇಜಾರು ಮಾಡಿಕೊಳ್ಳಬೇಡಿ. ಕತ್ತಲ ದೃಶ್ಯವಾದರೆ ಕಪ್ಪು, ಬೆಳಕಿದ್ದರೆ ಹಸಿರು. ಅಷ್ಟೇ.

ಈಗ ನಿಮ್ಮ ಜಪಾನಿ ಚಿತ್ರಕ್ಕೆ ಬರೋಣ. 'ಟೋಮೇಯಿ ನಿಂಗೆನ್ ಅರವಾರು', ಡಾಯೆ ಕಂಪನಿಯದು, ನಿರ್ದೇಶಕ ಅಡಾಚಿ ನೊಬುವೊ. ಎಫೆಕ್ಟ್ಸ್ ಮಾಡಿದ್ದು ತ್ಸುಬುರಾಯಾ ಎಯ್ಜಿ, ಮುಂದೆ 1954ರಲ್ಲಿ 'ಗಾಡ್ಜಿಲ್ಲಾ'ಗೂ ಎಫೆಕ್ಟ್ಸ್ ಮಾಡಿದವರು. ಯುದ್ಧಕಾಲದ ಪ್ರಚಾರ ಚಿತ್ರಗಳಿಗೆ ಕೆಲಸ ಮಾಡಿದ್ದಕ್ಕೆ, ಯುದ್ಧದ ನಂತರ ಜಪಾನಿನಲ್ಲಿ ಅಮೆರಿಕನ್ ಆಡಳಿತ ಇದ್ದ ಕಾಲದಲ್ಲಿ ಅವರು ತೊಹೊ ಸ್ಟುಡಿಯೋ ಬಿಡಬೇಕಾಗಿ ಬಂದಿತ್ತು. ಆ ಸಮಯದಲ್ಲಿ ಹೊರಗಿನಿಂದ ಮಾಡಿಕೊಟ್ಟ ಕೆಲಸ ಇದು. ಜಪಾನಿನಾಚೆ ಈ ಚಿತ್ರ ಚೆನ್ನಾಗಿ ಸಿಗಲು ಶುರುವಾದದ್ದೇ 2021ರಲ್ಲಿ ಬ್ಲೂ-ರೇ ಬಂದ ಮೇಲೆ.

ಅದನ್ನು ಮತ್ತೆ ನೋಡಿ, ಈ ಸಲ ಬ್ಯಾಂಡೇಜ್ ದೃಶ್ಯ ಬಿಟ್ಟು ಉಳಿದದ್ದನ್ನು. ಕಥೆ ವಜ್ರದ ಹಾರದ ಹಿಂದೆ ಬಿದ್ದ ಕಳ್ಳರದ್ದು, ಎಷ್ಟೋ ಹೊತ್ತು ಸುಮ್ನೆ ಪತ್ತೇದಾರಿ ಸಿನಿಮಾ. ಅದೃಶ್ಯ ಮನುಷ್ಯ ಕೋಣೆಯಲ್ಲಿದ್ದಾನೆ ಅಂತ ನಾವು ನಂಬುವುದು ವಸ್ತುಗಳು ಕದಲುವುದರಿಂದ, ಅದಕ್ಕಿಂತ ಜಾಸ್ತಿ ಉಳಿದ ನಟರು ಖಾಲಿ ಜಾಗವನ್ನು ನೋಡಿ ಹೆದರುವುದರಿಂದ. ದುಬಾರಿ ಟ್ರಿಕ್ ಬರುವುದು ಕೆಲವೇ ಕಡೆ. ನಾವು ಉಲ್ಟಾ ಮಾಡಿದೆವು. ಇರೋ ದುಡ್ಡೆಲ್ಲ ಒಂದು ದೃಶ್ಯಕ್ಕೆ ಸುರಿದು, ನಟಿಗೆ ಎಲ್ಲಿ ನೋಡಬೇಕು ಅಂತ ಕೂಡ ಹೇಳಿರಲಿಲ್ಲ. ಅವಳ ಕಣ್ಣು ಒಂದು ಶಾಟಿನಲ್ಲಿ ಅವನ ಮುಖದ ಎತ್ತರಕ್ಕೆ, ಮುಂದಿನದರಲ್ಲಿ ಹೊಟ್ಟೆಯ ಎತ್ತರಕ್ಕೆ. ಕೋಲಿಗೆ ಒಂದು ಚೆಂಡು ಕಟ್ಟಿ ಹಿಡಿದಿದ್ದರೆ ಸಾಕಿತ್ತು.

ಬ್ಯಾಂಡೇಜ್ ದೃಶ್ಯ ಬೇಕೇ ಬೇಕು ಅಂದರೆ ಕ್ಯಾಮೆರಾವನ್ನು ಕಾಲರಿಗಿಂತ ಕೆಳಗಿಡಿ. ಆಗ ಕಾಲರಿನ ಮುಂಭಾಗವೇ ಒಳಭಾಗವನ್ನು ಮುಚ್ಚುತ್ತದೆ. ಆದರೆ ಟೋಪಿ ಹಾಕಿಸಬೇಡಿ, ಕೆಳಗಿನಿಂದ ಟೋಪಿಯ ಒಳಗೆ ಕಾಣುತ್ತದೆ, ಅದೇ ಗೋಳು ಮತ್ತೆ. ಕೈಗೆ ಗ್ಲೌಸ್ ಇರಲಿ, ತೋಳಿನ ತುದಿಯ ತಲೆನೋವು ತಪ್ಪುತ್ತದೆ. ಲೋಟ, ಕುರ್ಚಿ ಎಳೆಯಲು ನೈಲಾನ್ ದಾರ ಬಳಸಿದರೆ ಬೆಳಕಿಗೆ ಹೊಳೆಯುತ್ತದೆ, ಕಪ್ಪು ಮಾರ್ಕರ್ ಉಜ್ಜಿ, ಹಿಂದೆ ಬಿಳಿ ಗೋಡೆ ಇರದ ಹಾಗೆ ನೋಡಿಕೊಳ್ಳಿ.

1954ರಲ್ಲಿ ತೊಹೊ ಇನ್ನೊಂದು ಅದೃಶ್ಯ ಮನುಷ್ಯನ ಚಿತ್ರ ಮಾಡಿತು, ಅದಕ್ಕೂ ತ್ಸುಬುರಾಯಾ ಅವರದೇ ಎಫೆಕ್ಟ್ಸ್. ಅದರಲ್ಲಿ ನಾಯಕ ಕೋಡಂಗಿ, ಮುಖಕ್ಕೆ ಬಣ್ಣ ಬಳಿದುಕೊಂಡೇ ಎಲ್ಲರ ನಡುವೆ ಬದುಕುತ್ತಾನೆ. ನನ್ನ ಮಟ್ಟಿಗೆ ನಿಮಗೆ ಬೇಕಾದ ಚಿತ್ರ ಅದು. ಬಹುಪಾಲು ಹೊತ್ತು ನಟ ಸುಮ್ನೆ ಮೇಕಪ್ಪಿನಲ್ಲಿ ಇರುತ್ತಾನೆ, ಖರ್ಚಿಲ್ಲ. ಅದರಲ್ಲಿ ಸವಾರನಿಲ್ಲದ ಸ್ಕೂಟರ್ ಒಂದು ಓಡುತ್ತದೆ. ಅದನ್ನು ಮಾತ್ರ ನಿಮ್ಮ ಬೀದಿಯಲ್ಲಿ ಮಾಡಲು ಹೋಗಬೇಡಿ.