ಹನ್ನೊಂದನೇ ಪುಟದ ವಾಚು

ನಮಸ್ಕಾರ.

ನೀವು ಕಳಿಸಿದ ‘ಅರಬ್ಬಿ ಮತ್ತು ಸರ್ಬಿಯನ್: ಒಂದು ಹೋಲಿಕೆ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಇದನ್ನು ಕೈಬಿಡಬೇಡಿ. ಅದನ್ನು ಹೇಳಬೇಕು ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲ ಹತ್ತು ಪುಟ ಬರೀ ಪಟ್ಟಿ. ಅರಬ್ಬಿಗೆ 28 ಅಕ್ಷರ, ಸರ್ಬಿಯನ್‌ಗೆ 30. ಒಂದು ಸೆಮಿಟಿಕ್ ಭಾಷೆ, ಇನ್ನೊಂದು ಸ್ಲಾವಿಕ್. ಒಂದನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ, ಇನ್ನೊಂದನ್ನು ಎಡದಿಂದ ಬಲಕ್ಕೆ. ಎಲ್ಲ ಸರಿಯೇ. ಆದರೆ ಯಾವ ಎರಡು ಭಾಷೆ ತೆಗೆದುಕೊಂಡರೂ ಇಂಥ ಪಟ್ಟಿ ಮಾಡಬಹುದು, ಅಲ್ವಾ? ಈ ಎರಡನ್ನೇ ಯಾಕೆ ಎದುರುಬದುರು ಕೂರಿಸಿದಿರಿ ಅನ್ನುವುದು ಓದುವವರಿಗೆ ಗೊತ್ತಾಗುವುದೇ ಇಲ್ಲ.

ಅದಕ್ಕೆ ಉತ್ತರ ಹನ್ನೊಂದನೇ ಪುಟದಲ್ಲಿದೆ. ಎಂಟು ವರ್ಷ ಕುವೈತ್‌ನಲ್ಲಿ ದುಡಿದು ಸರ್ಬಿಯದ ರಾಜಧಾನಿ ಬೆಲ್‌ಗ್ರೇಡ್‌ಗೆ ಬಂದಿದ್ದೀರಿ. ವಾಚು ನಿಂತುಹೋಗಿದೆ. ರಿಪೇರಿ ಅಂಗಡಿಯವನು ಅದನ್ನು ಕೈಗೆ ತಗೊಂಡು ‘ಸಾತ್’ ಅನ್ನುತ್ತಾನೆ. ಕುವೈತ್‌ನಲ್ಲಿ ದಿನಾ ಕೇಳುತ್ತಿದ್ದ ‘ಸಾಅ’ ನಿಮಗೆ ನೆನಪಾಗುತ್ತದೆ. ಇದಕ್ಕೆ ನೀವು ಕೊಟ್ಟಿದ್ದು ನಾಲ್ಕೇ ಸಾಲು. ಐದನೇ ಸಾಲಿಗೆ ಮತ್ತೆ ವ್ಯಾಕರಣದ ಪಟ್ಟಿ ಶುರು. ನೀವು ಆ ಅಂಗಡಿಯಲ್ಲೇ ನಿಲ್ಲಬೇಕಿತ್ತು.

ಆ ಪದವನ್ನೇ ನೋಡಿ. ಅರಬ್ಬಿಯ ಸಾಅ ಅಂದರೆ ಒಂದು ಗಂಟೆ ಹೊತ್ತೂ ಹೌದು, ಗಡಿಯಾರವೂ ಹೌದು. ಸರ್ಬಿಯನ್‌ನ ಸಾತ್‌ಗೂ ಇವೇ ಎರಡು ಅರ್ಥ. ಪದದ ಜೊತೆ ಅರ್ಥದ ಜೋಡಿಯೂ ಅಷ್ಟು ದೂರ ಹೋಗಿದೆ. ಆದರೆ ‘ಅರಬ್ಬರಿಂದ ಸರ್ಬರಿಗೆ ನೇರವಾಗಿ ಬಂತು’ ಅಂತ ಬರೆದಿದ್ದೀರಲ್ಲ, ಅದು ತಪ್ಪು. ನಡುವೆ ತುರ್ಕರಿದ್ದಾರೆ. ಆಟೊಮನ್ ತುರ್ಕರು ಬೆಲ್‌ಗ್ರೇಡ್ ಗೆದ್ದಿದ್ದು 1521ರಲ್ಲಿ. ನಡುವೆ ಕೆಲವು ಸಲ ಅದು ಆಸ್ಟ್ರಿಯದ ಕೈಗೆ ಹೋಗಿ ಬಂತು. ಕೊನೆಗೆ ತುರ್ಕರು ಕೋಟೆಯ ಕೀಲಿಕೈಯನ್ನು ಸರ್ಬರಿಗೆ ಒಪ್ಪಿಸಿದ್ದು 1867ರಲ್ಲಿ. ಅವರ ತುರ್ಕಿ ಭಾಷೆಯ ತುಂಬ ಅರಬ್ಬಿ ಪದಗಳಿದ್ದವು. ಸಾಅ ತುರ್ಕರ ಬಾಯಲ್ಲಿ ಗಂಟಲಿನ ಸದ್ದು ಕಳೆದುಕೊಂಡು ಸಾಅತ್ ಆಯಿತು, ಸರ್ಬರ ಬಾಯಲ್ಲಿ ಇನ್ನೂ ಕುಗ್ಗಿ ಸಾತ್ ಆಯಿತು.

ಈ ದಾರಿಯ ಗುರುತು ಪದಗಳ ಮೈಮೇಲೇ ಉಳಿದಿದೆ. ಅಂಗಡಿಗೆ ಅರಬ್ಬಿಯಲ್ಲಿ ದುಕ್ಕಾನ್. ಸರ್ಬಿಯನ್‌ನಲ್ಲಿ ದುಚಾನ್. ಆ ‘ಚ’ ಎಲ್ಲಿಂದ ಬಂತು? ತುರ್ಕರು ಅಲ್ಲಿನ ಕಕಾರವನ್ನು ಮೆದು ಮಾಡಿ ‘ಕ್ಯಾ’ ಅನ್ನುತ್ತಾರೆ. ಅದು ಸರ್ಬರ ಕಿವಿಗೆ ಚಕಾರವಾಗಿ ಕೇಳಿಸಿತು. ಅದೇ ಪದ ಫಾರಸಿ, ಉರ್ದು ಹಾದು ನಮ್ಮ ಕಡೆ ಬಂದಾಗ ‘ಕ’ ಹಾಗೇ ಉಳಿಯಿತು: ದುಕಾನು. ಸರ್ಬಿಯನ್‌ನ ಸಾಪುನ್, ನಮ್ಮ ಸಾಬೂನು ಕೂಡ ಹೀಗೇ ಎರಡು ದಿಕ್ಕಿಗೆ ಹೋದ ಒಂದೇ ಪದ.

ಪತ್ರದಲ್ಲಿ ನಿಮ್ಮ ಊರು ಪುತ್ತೂರು ಅಂದಿದ್ದೀರಿ. ಸಂಜೆ ವಾಕಿಂಗ್ ಹೋಗುವುದು ಬೆಲ್‌ಗ್ರೇಡ್ ಕೋಟೆಯ ಪಾರ್ಕು ಕಾಲೆಮೆಗ್ದಾನ್‌ಗೆ ಅಂದಿದ್ದೀರಿ. ಆ ಹೆಸರನ್ನು ಬಿಡಿಸಿ ನೋಡಿದಿರಾ? ತುರ್ಕಿಯಲ್ಲಿ ಕಾಲೆ ಅಂದರೆ ಕೋಟೆ, ಅರಬ್ಬಿಯ ಕಲ್‌ಅದಿಂದ ಬಂದದ್ದು. ನಮ್ಮ ಕಿಲ್ಲೆಯ ಮೂಲವೂ ಅದೇ. ಮೆಗ್ದಾನ್ ಅಂದರೆ ಮೈದಾನ. ನೀವು ದಿನಾ ಸಂಜೆ ಸುತ್ತುವುದು ಕಿಲ್ಲೆ ಮೈದಾನದಲ್ಲಿ! ನಿಮ್ಮೂರಲ್ಲಿ ಸಂತೆ ನಡೆಯುವ ಜಾಗಕ್ಕೂ ಅದೇ ಹೆಸರು. ಇದನ್ನು ನೀವೇ ಬರೆಯಬೇಕು. ಎರಡೂ ಮೈದಾನದಲ್ಲಿ ಕಾಲಿಟ್ಟವರು ನಮಗೆಲ್ಲಿ ಸಿಗುತ್ತಾರೆ?

ಹಾಗಂತ ವ್ಯಾಕರಣ ಬೇಡ ಅಂತಲ್ಲ. ಅದನ್ನೂ ಆ ವಾಚಿನಿಂದಲೇ ಹೇಳಬಹುದು. ಅರಬ್ಬಿಯಲ್ಲಿ ಎರಡಕ್ಕೆ ಅಂತಲೇ ಬೇರೆ ರೂಪವಿದೆ: ಒಂದು ಗಂಟೆ ಸಾಅ, ಎರಡು ಗಂಟೆ ಸಾಅತಾನ್. ಸರ್ಬಿಯನ್‌ನಲ್ಲಿ ದ್ವಿವಚನ ಅಳಿದುಹೋಗಿದೆ, ಆದರೆ ಅದರ ನೆರಳು ಹೋಗಿಲ್ಲ. ಎರಡು ಗಂಟೆ ‘ದ್ವಾ ಸಾತಾ’, ಐದು ಗಂಟೆ ‘ಪೇತ್ ಸಾತಿ’. ಎರಡು, ಮೂರು, ನಾಲ್ಕಕ್ಕೆ ಒಂದು ರೂಪ, ಐದರಿಂದ ಇನ್ನೊಂದು. ನಮಗೆ ಎರಡಾದರೂ ಗಂಟೆ, ಹತ್ತಾದರೂ ಗಂಟೆ. ನಿಮ್ಮ ಎರಡು ಪುಟದ ಪಟ್ಟಿಗಿಂತ ಈ ಒಂದು ಉದಾಹರಣೆ ಜಾಸ್ತಿ ಹೇಳುತ್ತದೆ.

ಇನ್ನು ಕೆಲವು ತಪ್ಪುಗಳು. ಅರಬ್ಬಿಯಲ್ಲಿ ಸ್ವರಗಳಿಲ್ಲ ಅಂದಿದ್ದೀರಿ. ಇವೆ. ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ಅಷ್ಟೇ. ಸರ್ಬಿಯನ್‌ಗೆ ಸಿರಿಲಿಕ್ (ರಷ್ಯನ್ ಬರೆಯುವಂಥ ಲಿಪಿ) ಒಂದೇ ಲಿಪಿ ಅಂದಿದ್ದೀರಿ. ಸರ್ಬಿಯದ 2006ರ ಸಂವಿಧಾನ ಸರ್ಕಾರಿ ಬಳಕೆಗೆ ಹೇಳುವುದು ಸಿರಿಲಿಕ್ ಲಿಪಿಯನ್ನೇ, ನಿಜ. ಆದರೆ ಬೀದಿಯ ಬೋರ್ಡುಗಳಲ್ಲಿ ಲ್ಯಾಟಿನ್ ಲಿಪಿ ಎಷ್ಟಿದೆ! ಮನೆಯಿಂದ ಹೊರಗೆ ಬಂದು ಒಮ್ಮೆ ನೋಡಿ.

‘ಅರಬ್ಬಿ ಕಷ್ಟ, ಸರ್ಬಿಯನ್ ಸುಲಭ’ ಅನ್ನುವ ಸಾಲನ್ನು ತೆಗೆದುಬಿಡಿ. ಸರ್ಬಿಯನ್‌ನಲ್ಲಿ ಏಳು ವಿಭಕ್ತಿಗಳಿವೆ. ನೀವು ಕುವೈತ್‌ನಲ್ಲಿ ಕಲಿತ ಆಡುಮಾತಿನಲ್ಲಿ ವಿಭಕ್ತಿಯ ಕೊನೆಗಳೇ ಉದುರಿಹೋಗಿವೆ. ನಿಮಗೆ ಕಷ್ಟ ಅನ್ನಿಸಿದ್ದು ಅಲ್ಲಿನ ಪೇಪರು ಓದುವಾಗ. ಯಾಕೆಂದರೆ ಅರಬ್ಬರು ಮಾತಾಡುವುದೇ ಒಂದು, ಬರೆಯುವುದೇ ಒಂದು. ಸರ್ಬರಲ್ಲೂ ಹಿಂದೆ ಹಾಗೇ ಇತ್ತು. ಸರ್ಬಿಯನ್ ಬರವಣಿಗೆಯನ್ನು ತಿದ್ದಿದ ವಿದ್ವಾಂಸ ವೂಕ್ ಕರಾಜಿಚ್ 1818ರಲ್ಲಿ ವಿಯೆನ್ನಾದಲ್ಲಿ ನಿಘಂಟು ಅಚ್ಚು ಹಾಕಿಸಿ, ಹಳ್ಳಿಯವರ ಮಾತನ್ನೇ ಬರೆಯೋಣ, ಒಂದು ಸದ್ದಿಗೆ ಒಂದೇ ಅಕ್ಷರ ಇರಲಿ ಅಂದರು. ಅವರ ಬರವಣಿಗೆಗೆ ಪೂರ್ತಿ ಸರ್ಕಾರಿ ಒಪ್ಪಿಗೆ ಸಿಕ್ಕಿದ್ದು 1868ರಲ್ಲಿ, ಅವರು ತೀರಿಕೊಂಡು ನಾಲ್ಕು ವರ್ಷದ ಮೇಲೆ. ಇದು ದೊಡ್ಡ ಕಥೆ. ಈ ಲೇಖನಕ್ಕೆ ತುರುಕಬೇಡಿ, ಇನ್ನೊಂದು ಬರೆಯಿರಿ. ಆಡುವ ಹಾಗೆ ಬರೆಯಬೇಕೇ ಅನ್ನುವ ಪ್ರಶ್ನೆ ಕನ್ನಡದವರಿಗೆ ಚೆನ್ನಾಗಿಯೇ ಅರ್ಥವಾಗುತ್ತದೆ.

ಸದ್ಯಕ್ಕೆ ವಾಚಿನಿಂದ ಶುರು ಮಾಡಿ, ಆರು ಪುಟದೊಳಗೆ ಬರೆದು ಕಳಿಸಿ. ಒಂದು ವಿಷಯ ನೀವು ಹೇಳಲೇ ಇಲ್ಲ. ‘ನಿಮ್ಮ ಸಾತ್ ಅನ್ನೋ ಪದ ನನಗೆ ಕುವೈತ್‌ನಿಂದ ಗೊತ್ತು’ ಅಂತ ಆ ಅಂಗಡಿಯವನಿಗೆ ಹೇಳಿದಿರಾ? ಹೇಳಿದ್ದರೆ ಅವನು ಏನಂದ? ಹೇಳಿರದಿದ್ದರೆ ಇನ್ನೊಂದು ಸಲ ಹೋಗಿ ಬನ್ನಿ.