ಮನೆಯ ಕೆಲಸದ ಕೋಣೆಯಲ್ಲಿ ನೋಟ್ಸ್, ಜೆರಾಕ್ಸ್, ಪ್ರಿಂಟ್‌ಔಟ್‌ಗಳನ್ನು ಹೇಗೆ ಜೋಡಿಸಿಟ್ಟುಕೊಳ್ಳುವುದು?

ಮನೆಯಿಂದಲೇ ಕೆಲಸ, ಜೊತೆಗೆ ಪರೀಕ್ಷೆಗೆ ಓದು. ವಿಷಯವಾರು ಫೈಲ್ ಮಾಡಿದರೂ ತಿಂಗಳೊಳಗೆ ಮೇಜಿನ ಮೇಲೆ ಮತ್ತೆ ಗುಡ್ಡೆ, ಎಲ್ಲ ಸ್ಕ್ಯಾನ್ ಮಾಡಿ ಎಸೆದುಬಿಡಲಾ ಎಂದು ಕೇಳಿದ್ದೀರಿ.

ಎಸೆಯಬೇಡಿ. ನನಗೂ ಹೀಗೇ ಆಗುತ್ತಿತ್ತು. ಪರೀಕ್ಷೆಯ ಹಿಂದಿನ ರಾತ್ರಿ ನಾನೇ ಬರೆದ ನಾಲ್ಕು ಹಾಳೆಗಾಗಿ ಎರಡು ಗಂಟೆ ಹುಡುಕಿದ್ದೇನೆ. ಆಮೇಲೆ ಗೊತ್ತಾಗಿದ್ದು, ತೊಂದರೆ ಇರುವುದು ವಿಷಯವಾರು ವಿಂಗಡಿಸುವುದರಲ್ಲೇ ಅಂತ. ಒಂದೇ ಲೇಖನ ಎರಡು ವಿಷಯಕ್ಕೆ ಸೇರುತ್ತದೆ. ಯಾವ ಫೈಲಿಗೆ ಹಾಕಲಿ ಅಂತ ತೋಚದೆ ‘ಆಮೇಲೆ ನೋಡೋಣ’ ಎಂದು ಮೇಜಿನ ಮೇಲೆ ಇಡುತ್ತೇವೆ. ಗುಡ್ಡೆ ಬೆಳೆಯುವುದು ಆ ಹಾಳೆಗಳಿಂದಲೇ.

ಬಿಡಿ ಹಾಳೆಗಳಿಗೆ ನಾನು ಈಗ ಬಳಸುವುದು ಜಪಾನಿನ ಅರ್ಥಶಾಸ್ತ್ರಜ್ಞ ಯುಕಿಯೋ ನೊಗುಚಿ ಅವರ ಕ್ರಮ. 1990ರ ದಶಕದಲ್ಲಿ ಅವರು ಇದನ್ನು ಜನರ ಮುಂದಿಟ್ಟರು. ಎ4 ಹಾಳೆ ಮಡಚದೆ ಹಿಡಿಸುವ ದೊಡ್ಡ ಕವರ್‌ಗಳನ್ನು ತೆಗೆದುಕೊಳ್ಳಿ. ಒಂದು ಕೆಲಸದ ಹಾಳೆಗಳೆಲ್ಲ ಒಂದು ಕವರಿಗೆ. ಅಂಚಿನಲ್ಲಿ ಹೆಸರು, ತಾರೀಖು ಬರೆದು ಶೆಲ್ಫಿನಲ್ಲಿ ನಿಲ್ಲಿಸಿ. ವಿಂಗಡಣೆ ಬೇಡ. ಹೊಸ ಕವರ್ ಯಾವಾಗಲೂ ಎಡ ತುದಿಗೆ. ಯಾವುದನ್ನಾದರೂ ತೆಗೆದು ನೋಡಿದರೆ ವಾಪಸ್ ಇಡುವುದೂ ಎಡ ತುದಿಗೇ, ಮೊದಲಿದ್ದ ಜಾಗಕ್ಕಲ್ಲ. ಕೆಲವು ತಿಂಗಳಲ್ಲಿ ದಿನಾ ಬೇಕಾದವು ಎಡಕ್ಕೆ ಸೇರುತ್ತವೆ, ಮುಟ್ಟದವು ತಾವಾಗಿ ಬಲಕ್ಕೆ ಸರಿಯುತ್ತವೆ. ‘ಮೊನ್ನೆ ತಾನೇ ನೋಡಿದ್ದೆನಲ್ಲ’ ಅನ್ನುವ ನೆನಪೇ ಸಾಕು, ಕೈ ನೇರವಾಗಿ ಅಲ್ಲಿಗೆ ಹೋಗುತ್ತದೆ. ನನಗೆ ಇದು ತುಂಬ ಇಷ್ಟ, ಏಕೆಂದರೆ ಸುಸ್ತಾದ ದಿನವೂ ಇದನ್ನು ಪಾಲಿಸಬಹುದು.

ಆದರೆ ಎಲ್ಲಕ್ಕೂ ಇದು ಹೊಂದುವುದಿಲ್ಲ. ಮೊದಲಿನಿಂದ ಕೊನೆವರೆಗೆ ಸರದಿಯಲ್ಲಿ ಓದುವ ನೋಟ್ಸ್‌ಗೆ ರಿಂಗ್ ಫೈಲೇ ಸರಿ. ನಡುವೆ ಹಾಳೆ ಸೇರಿಸಬಹುದು, ಸ್ಪೈರಲ್ ಬೈಂಡಿಂಗ್‌ನಲ್ಲಿ ಅದು ಕಷ್ಟ. ಪ್ರಿಂಟ್ ಹಾಕುವಾಗಲೇ ಎಡಕ್ಕೆ 25 ಮಿ.ಮೀ. ಖಾಲಿ ಬಿಡಿ, ಪಂಚ್ ಮಾಡಿದರೆ ಅಕ್ಷರ ಹೋಗುವುದಿಲ್ಲ. ನಿಘಂಟು, ಸೂತ್ರಗಳ ಪಟ್ಟಿ ಇಂಥವು ಕುರ್ಚಿಯಿಂದ ಏಳದೆ ಸಿಗಬೇಕು. ಎದ್ದು ಹೋಗಬೇಕಾದ ನಿಘಂಟನ್ನು ನಾವು ತೆರೆಯುವುದೇ ಇಲ್ಲ, ಅಲ್ವಾ?

ಶೆಲ್ಫ್ ಆರಿಸುವಾಗ ತೂಕ ಲೆಕ್ಕ ಹಾಕಿ. ಮಾಮೂಲಿ 80 ಜಿಎಸ್‌ಎಂ (ಅಂದರೆ ಚದರ ಮೀಟರಿಗೆ 80 ಗ್ರಾಂ ತೂಗುವ) ಕಾಗದದ ಒಂದು ಎ4 ಹಾಳೆ ಸುಮಾರು 5 ಗ್ರಾಂ. 500 ಹಾಳೆಯ ಕಟ್ಟು ಎರಡೂವರೆ ಕಿಲೋ, ದಪ್ಪ ಸುಮಾರು 5 ಸೆಂ.ಮೀ. ಅಂದರೆ ಒಂದು ಅಡಿ ಉದ್ದಕ್ಕೆ ಒತ್ತಾಗಿ ಕಾಗದ ನಿಲ್ಲಿಸಿದರೆ ಹತ್ತಿರ ಹತ್ತಿರ 15 ಕಿಲೋ! ತೆಳು ಹಲಗೆ ನಡುವೆ ಬಗ್ಗುತ್ತದೆ. ಭಾರದ ಫೈಲುಗಳು ಕೆಳಗಿರಲಿ.

ರಬ್ಬರ್ ಬ್ಯಾಂಡ್ ಹಾಕಿ ವರ್ಷಗಟ್ಟಲೆ ಇಡಬೇಡಿ, ಒಣಗಿ ಹಾಳೆಗೇ ಅಂಟಿಕೊಳ್ಳುತ್ತದೆ. ಸ್ಟೇಪ್ಲರ್ ಪಿನ್ ತೇವಕ್ಕೆ ತುಕ್ಕು ಹಿಡಿಯುತ್ತದೆ. ಜೆರಾಕ್ಸ್ ಹಾಳೆಯನ್ನು ಪಿವಿಸಿ ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಅಕ್ಷರವೇ ಎದ್ದು ಪ್ಲಾಸ್ಟಿಕ್ಕಿಗೆ ಅಂಟಬಹುದು. ಪಾಲಿಪ್ರೊಪಿಲೀನ್ ಎಂದು ಬರೆದಿರುವುದನ್ನೇ ಕೊಳ್ಳಿ.

ಇನ್ನು ಸ್ಕ್ಯಾನ್. ಪೆನ್ಸಿಲ್ ಗುರುತು ಹಾಕಿ ಓದುತ್ತಿರುವ ಹಾಳೆ ಕಾಗದದಲ್ಲೇ ಇರಲಿ. ಬಲ ತುದಿಗೆ ಸೇರಿದ ಕವರ್‌ಗಳನ್ನು ಮಾತ್ರ ಸ್ಕ್ಯಾನ್ ಮಾಡಿ. 300 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಎಂಬ ಸ್ಪಷ್ಟತೆಯ ಅಳತೆ) ಸಾಕು. ಹೆಸರು ಕೊಡುವಾಗ ವರ್ಷ, ತಿಂಗಳು, ದಿನ ಮೊದಲು ಬರಲಿ, 2024-06-15 ಹೀಗೆ. ಆಗ ಕಂಪ್ಯೂಟರಿನಲ್ಲಿ ಅವು ತಾವೇ ಸರದಿಯಲ್ಲಿ ನಿಲ್ಲುತ್ತವೆ.

ಈಗಿರುವ ಗುಡ್ಡೆಯನ್ನು ವಿಂಗಡಿಸಲು ಭಾನುವಾರ ಪೂರ್ತಿ ಕೂರಬೇಡಿ. ಸುಮ್ನೆ ಎಲ್ಲವನ್ನೂ ಒಂದು ರಟ್ಟಿನ ಪೆಟ್ಟಿಗೆಗೆ ಹಾಕಿ, ಮೇಲೆ ಇವತ್ತಿನ ತಾರೀಖು ಬರೆಯಿರಿ. ಬೇಕಾದಾಗ ಬೇಕಾದ್ದನ್ನು ತೆಗೆದು ಕವರಿಗೆ ಹಾಕುತ್ತಾ ಹೋಗಿ. ಪರೀಕ್ಷೆ ಮುಗಿದ ಮೇಲೂ ಪೆಟ್ಟಿಗೆಯಲ್ಲೇ ಉಳಿದದ್ದು ರದ್ದಿಗೆ. ಕೊಡುವ ಮುಂಚೆ ಮಾತ್ರ ಒಂದೊಂದೇ ಹಾಳೆ ತಿರುವಿ ನೋಡಿ, ಅಂಕಪಟ್ಟಿ, ಪ್ರಮಾಣಪತ್ರ ಏನಾದರೂ ಸೇರಿಕೊಂಡಿರಬಹುದು.