ಸಂಪಾದಕರ ಉತ್ತರ: ಹಳೇ ಕೋಡು ಬಿಸಾಡಬೇಕಾ?

ಮಂಗಳೂರಿನ ಸಣ್ಣ ಕಂಪನಿಯೊಂದರ ಓದುಗರು ಬರೆದಿದ್ದಾರೆ: ಹಳೇ ಬಿಲ್ಲಿಂಗ್ ಸಾಫ್ಟ್‌ವೇರನ್ನು ಬಿಸಾಡಿ ಮೊದಲಿಂದ ಬರೆಯೋಣ ಅಂತ ನಮ್ಮ ಟೀಮ್ ಲೀಡ್ ಹಟ ಹಿಡಿದಿದ್ದಾರೆ. ಸಾಫ್ಟ್‌ವೇರ್ ಬಗ್ಗೆ ಬರೆಯುವ ಅಮೆರಿಕದ ಜೋಯೆಲ್ ಸ್ಪೋಲ್ಸ್ಕಿ ಇದು ಮಾಡಲೇಬಾರದ ಕೆಲಸ ಅಂದಿದ್ದರಲ್ಲ ಎಂದರೆ, ಅದು ಅಜ್ಜನ ಕಾಲದ ಮಾತು ಎಂದು ನಗುತ್ತಾರೆ. ನೀವೇನು ಹೇಳುತ್ತೀರಿ?

ನಾನು ಅಜ್ಜನ ಕಡೆ, ಮಾರಾಯ್ರೆ.

ಸ್ಪೋಲ್ಸ್ಕಿ ಸುಮ್ನೆ ಮಾತಾಡುವ ಜನ ಅಲ್ಲ. ಮೈಕ್ರೋಸಾಫ್ಟಿನ ಎಕ್ಸೆಲ್ ತಂಡದಲ್ಲಿ ದುಡಿದವರು, 2000ದಲ್ಲಿ ನ್ಯೂಯಾರ್ಕಿನಲ್ಲಿ ಫಾಗ್ ಕ್ರೀಕ್ ಅನ್ನುವ ಸಾಫ್ಟ್‌ವೇರ್ ಕಂಪನಿ ಶುರು ಮಾಡಿದವರು. ಆಮೇಲೆ 2008ರಲ್ಲಿ ಜೆಫ್ ಅಟ್‌ವುಡ್ ಜೊತೆ ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ ಕಟ್ಟಿದರು. ಅವರು ಕೊಟ್ಟ ಉದಾಹರಣೆ ಆ ಕಾಲದ ವೆಬ್ ಬ್ರೌಸರ್ ನೆಟ್‌ಸ್ಕೇಪ್. ಅದರ 4.0 ಆವೃತ್ತಿ ಬಂದಿದ್ದು 1997ರಲ್ಲಿ. ಆಮೇಲೆ ಹಳೆಯದನ್ನು ಬದಿಗಿಟ್ಟು ಹೊಸದಾಗಿ ಬರೆಯಲು ಕೂತರು, 5 ಬರಲೇ ಇಲ್ಲ, 6 ಬರುವಷ್ಟರಲ್ಲಿ 2000ದ ಕೊನೆ. ಅಷ್ಟರೊಳಗೆ ಜನ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕಡೆ ಹೋಗಿಯಾಗಿತ್ತು. ನಿಮ್ಮ ಲೀಡ್ ಜಾಣರಾದರೆ, ಆ ಹೊಸ ಕೋಡಿನಿಂದಲೇ 2004ರಲ್ಲಿ ಫೈರ್‌ಫಾಕ್ಸ್ ಬಂತಲ್ಲ ಅನ್ನುತ್ತಾರೆ. ಹೌದು, ಬಂತು. ಆದರೆ ಅಷ್ಟು ವರ್ಷ ನಿಮಗೆ ಸಂಬಳ ಕೊಡೋರು ಯಾರು?

ಸ್ಪೋಲ್ಸ್ಕಿ ವಾದ ಇಷ್ಟೇ: ಕೋಡು ಬರೆಯೋದು ಸುಲಭ, ಓದೋದು ಕಷ್ಟ, ಹಾಗಾಗಿ ಬೇರೆಯವರು ಬರೆದದ್ದೆಲ್ಲ ನಮಗೆ ಗಲೀಜಾಗಿ ಕಾಣುತ್ತದೆ. ಆ ಗಲೀಜಿನಲ್ಲಿ ಎಷ್ಟೋ ಸಾಲು ಯಾರೋ ಒದ್ದಾಡಿ ಬಗ್ಗು, ಅಂದರೆ ಪ್ರೋಗ್ರಾಮಿನ ತಪ್ಪು, ಸರಿಮಾಡಲು ಸೇರಿಸಿದ್ದು.

ಇದನ್ನು ನಾನು ಪೆಟ್ಟು ತಿಂದೇ ಕಲಿತೆ. ಪತ್ರಿಕೆಗೆ ಬರುವ ಮೊದಲು ಮಲ್ಪೆಯ ಮೀನು ವ್ಯಾಪಾರಿಗಳ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದೆ. ಅದರಲ್ಲಿ ಒಂದು ವಿಚಿತ್ರ ಸಾಲಿತ್ತು: ತಿಂಗಳು 6 ಅಥವಾ 7 ಆದರೆ ಬಾಕಿ ನೋಟಿಸ್ ಕಳಿಸಬೇಡ. ಪಕ್ಕದಲ್ಲಿ ವಿವರಣೆಯ ಕಾಮೆಂಟ್ ಇಲ್ಲ, ಕಾರಣ ಇಲ್ಲ. ಹೊಸದಾಗಿ ಬರೆಯುವಾಗ ಕಸ ಅಂತ ಬಿಟ್ಟೆ. ಜೂನ್ ಬಂತು, ಟ್ರಾಲಿಂಗ್ ನಿಷೇಧದ, ಅಂದರೆ ಯಾಂತ್ರಿಕ ಬೋಟುಗಳು ಮೀನು ಹಿಡಿಯಬಾರದ, 61 ದಿನ ಶುರುವಾಯಿತು, ಬೋಟೆಲ್ಲ ದಕ್ಕೆಯಲ್ಲಿ, ಕೈಯಲ್ಲಿ ಕಾಸಿಲ್ಲದ ಗಿರಾಕಿಗಳಿಗೆ ನನ್ನ ಚಂದದ ಹೊಸ ಪ್ರೋಗ್ರಾಮು ದಿನಾ ಬೆಳಿಗ್ಗೆ ಬಾಕಿ ಕಟ್ಟಿ ಅಂತ ಮೆಸೇಜು. ಆ ಫೋನುಗಳಲ್ಲಿ ಕೇಳಿದ ತುಳುವನ್ನು ಇಲ್ಲಿ ಅಚ್ಚು ಹಾಕುವ ಹಾಗಿಲ್ಲ.

ಸ್ಪೋಲ್ಸ್ಕಿಯವರ ಎಲ್ಲ ಮಾತನ್ನೂ ನಾನು ಒಪ್ಪುವುದಿಲ್ಲ. ಪ್ರೋಗ್ರಾಮರಿಗೆ ಬಾಗಿಲು ಹಾಕಿಕೊಳ್ಳುವ ಸ್ವಂತ ರೂಮು ಬೇಕು ಅನ್ನುತ್ತಾರೆ, ನಮ್ಮಲ್ಲಿ ಫ್ಯಾನಿನ ಕೆಳಗೆ ಜಾಗ ಸಿಕ್ಕಿದರೆ ದೊಡ್ಡದು. ಆದರೆ ಸಾಫ್ಟ್‌ವೇರ್ ತಂಡ ಎಷ್ಟು ಚೆನ್ನಾಗಿದೆ ಅಂತ ಅಳೆಯಲು ಅವರು ಕೊಟ್ಟ 12 ಪ್ರಶ್ನೆಗಳಲ್ಲಿ ಒಂದನ್ನು ಲೀಡ್ ಮುಂದೆ ಇಡಿ: ಹೊಸ ಕೋಡು ಬರೆಯುವ ಮೊದಲು ಇರುವ ಬಗ್ಗು ಸರಿಮಾಡುತ್ತೀರಾ? ಮೊದಲಿಂದ ಬರೆಯುವ ಬದಲು ಒಂದು ತುಂಡು ಕೈಗೆತ್ತಿಕೊಳ್ಳಿ, ಅದು ಸರಿಯಾಗಿ ನಡೆಯುತ್ತಾ ಅಂತ ನೋಡುವ ಟೆಸ್ಟ್ ಬರೆಯಿರಿ, ಆಮೇಲೆ ಬದಲಿಸಿ. ಬಿಲ್ಲು ಪ್ರಿಂಟ್ ಆಗುವ ಭಾಗದಿಂದಲೇ ಶುರು ಮಾಡಿ. ಬೈಗುಳ ಜಾಸ್ತಿ ಬರೋದು ಅಲ್ಲಿಂದಲೇ ಅಲ್ವಾ?